ಮೂವತ್ತು ಸಾವಿರದ ಇಂಜೆಕ್ಷನ್, ಐದು ರೂಪಾಯಿಯ ಮಾತ್ರೆ

ಎದೆನೋವು ಎಂದು ಬಾಯಿಬಿಟ್ಟು ಹೇಳಿಕೊಂಡು ಬರುವವರು ನಮ್ಮಲ್ಲಿ ಕಡಿಮೆ. ಗ್ಯಾಸ್ಟ್ರಿಕ್ ಅನ್ನುತ್ತಾರೆ. ಎದೆ ಮೇಲೆ ಕಲ್ಲು ಹೇರಿದಂಗಾಗ್ತದೆ ಅನ್ನುತ್ತಾರೆ. ಎಡಗೈ ಜೋಮು, ದವಡೆ ಸೆಳೆತ, ಬೆನ್ನಿನ ನಡುವೆ ಉರಿ. ಹೆಂಗಸರಾದರೆ ಅದನ್ನೂ ಹೇಳುವುದಿಲ್ಲ. "ಯಾಕೋ ಸುಸ್ತು ಸಿಸ್ಟರ್, ಬೆವರು ಕಿತ್ಕೊಂಡ್ ಬರ್ತಾ ಐತೆ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಅಷ್ಟರೊಳಗೆ ಮನೆಯಲ್ಲಿ ಓಮದ ಕಷಾಯ ಆಗಿರುತ್ತದೆ, ಪೆಟ್ಟಿಗೆ ಅಂಗಡಿಯ ಸೋಡಾ ಆಗಿರುತ್ತದೆ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಗ್ಯಾಸಿನ ಮಾತ್ರೆಯೂ ಆಗಿರುತ್ತದೆ. ಯಾವುದಕ್ಕೂ ಬಗ್ಗದಿದ್ದಾಗ ಯಾರದೋ ಬೈಕಿನಲ್ಲಿ ಇಬ್ಬರ ನಡುವೆ ಕೂತು ಆಸ್ಪತ್ರೆಗೆ ಬರುತ್ತಾರೆ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಶುಶ್ರೂಷಾಧಿಕಾರಿ. ಜನರ ಬಾಯಲ್ಲಿ ಈಗಲೂ ಸಿಸ್ಟರ್. ನಾನು ಸೇವೆಗೆ ಸೇರಿದಾಗ ಹೃದಯಾಘಾತ ಎಂದು ಅನುಮಾನ ಬಂದರೆ ನಾಲಿಗೆ ಕೆಳಗೊಂದು ಮಾತ್ರೆ ಇಟ್ಟು, "ಹಾಸನಕ್ಕೆ ಕರ್ಕೊಂಡೋಗಿ" ಎಂದು ಚೀಟಿ ಬರೆದು ಕಳಿಸುತ್ತಿದ್ದೆವು. ದಾರಿಯಲ್ಲಿ ಏನಾಯಿತೆಂದು ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಅದೇ ಕೋಣೆಯಲ್ಲಿ ಈಗ ಹೃದಯದ ನಾಳದಲ್ಲಿ ಕೂತ ಹೆಪ್ಪನ್ನು ಕರಗಿಸುತ್ತೇವೆ. ಬೇರೆ ಯಾವ ಕಾಯಿಲೆಯ ಚಿಕಿತ್ಸೆಯೂ ನನ್ನ ಕಣ್ಣೆದುರು ಇಷ್ಟು ಬದಲಾಗಿಲ್ಲ. ಆದರೂ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ಮೂವತ್ತು ಸಾವಿರ ರೂಪಾಯಿಯ ಇಂಜೆಕ್ಷನ್ ಕೊಟ್ಟು ಉಳಿಸಿದ ಜೀವವನ್ನು, ವರ್ಷ ತುಂಬುವುದರೊಳಗೆ ಐದು ರೂಪಾಯಿಯ ಮಾತ್ರೆಯಿಲ್ಲದೆ ಕಳೆದುಕೊಳ್ಳುತ್ತಿದ್ದೇವೆ.

ಮೊದಲು ಒಳಗೆ ಏನಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳಗಳಿವೆ. ಅವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಸೇರಿಕೊಂಡ ಕೊಬ್ಬಿನ ಪದರ ಒಂದು ದಿನ ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಅಲ್ಲಿಂದ ಮುಂದಿನ ಸ್ನಾಯುವಿಗೆ ರಕ್ತವಿಲ್ಲ. ಅದು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ, ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಮೊದಲ ಒಂದೆರಡು ಗಂಟೆಯಲ್ಲಿ ನಾಳ ತೆರೆದರೆ ಹೆಚ್ಚಿನ ಸ್ನಾಯು ಉಳಿಯುತ್ತದೆ. ಹನ್ನೆರಡು ಗಂಟೆ ಕಳೆದ ಮೇಲೆ ಹೆಪ್ಪು ಕರಗಿಸುವ ಔಷಧ ಕೊಟ್ಟು ಪ್ರಯೋಜನವಿಲ್ಲ.

ನಮ್ಮ ದೇಶದ ರೋಗಿಗಳು ಎಷ್ಟು ಹೊತ್ತಿಗೆ ಆಸ್ಪತ್ರೆ ತಲುಪುತ್ತಾರೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕೂಡಿಸಿ 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 'ಕ್ರಿಯೇಟ್' ಎಂದು ಆ ಅಧ್ಯಯನದ ಹೆಸರು. ಅದರಲ್ಲಿದ್ದ ರೋಗಿಗಳಲ್ಲಿ ಅರ್ಧದಷ್ಟು ಜನ ನೋವು ಶುರುವಾಗಿ ಆರು ಗಂಟೆ ಕಳೆದ ಮೇಲೆ ಆಸ್ಪತ್ರೆಗೆ ಬಂದಿದ್ದರು. ತಿಂಗಳೊಳಗೆ ತೀರಿಕೊಂಡವರು ಸ್ಥಿತಿವಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಬಡವರ ಹೃದಯವೇ ದುರ್ಬಲವಾಗಿತ್ತೇ? ಇಲ್ಲ. ಇಬ್ಬರಿಗೂ ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ ಆ ಅಂತರ ಇಲ್ಲವಾಯಿತು. ಎಂದರೆ, ಒಂದೇ ಚಿಕಿತ್ಸೆ ಸಿಕ್ಕಿದ್ದರೆ ಬಡವನೂ ಸಾಹುಕಾರನಷ್ಟೇ ಬದುಕುತ್ತಿದ್ದ. ನನ್ನ ಕೆಲಸದ ಬಗ್ಗೆ ಇದಕ್ಕಿಂತ ದೊಡ್ಡ ಮಾತನ್ನು ನಾನು ಎಲ್ಲೂ ಓದಿಲ್ಲ.

ಚಿಕಿತ್ಸೆ ಶುರುವಾಗುವುದು ಇಸಿಜಿಯಿಂದ. ರೋಗಿ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ನೂರಿಪ್ಪತ್ತು ವರ್ಷದ ಹಿಂದೆ ಹಾಲೆಂಡಿನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ ಇದನ್ನು ಕಟ್ಟಿದಾಗ ಯಂತ್ರದ ತೂಕ ಇನ್ನೂರೈವತ್ತು ಕಿಲೋಗೂ ಮೇಲೆ. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿ ಕೂರಬೇಕಿತ್ತು. 1924ರಲ್ಲಿ ಐಂಥೋವನ್‌ಗೆ ನೊಬೆಲ್ ಬಂತು. ಇವತ್ತು ಅದೇ ಯಂತ್ರ ಒಂದು ಕೈಚೀಲದಲ್ಲಿ ಹಿಡಿಸುತ್ತದೆ.

ಯಂತ್ರ ಚಿಕ್ಕದಾಯಿತು, ಕೆಲಸ ಚಿಕ್ಕದಾಗಲಿಲ್ಲ. ಕೆಂಪು ತಂತಿ ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಎದೆಯ ಮೇಲೆ ಆರು ಜಾಗ, ಪಕ್ಕೆಲುಬು ಎಣಿಸಿಯೇ ಇಡಬೇಕು. ನಾಲ್ಕನೆಯ ಸಂದು ಎಂದರೆ ನಾಲ್ಕನೆಯದೇ. ಬೆವರಿನಲ್ಲಿ ತೋಯ್ದ ಎದೆಗೆ ಬಟನ್ ಹಿಡಿಯುವುದಿಲ್ಲ. ಒರೆಸಬೇಕು, ಜೆಲ್ಲಿ ಹಚ್ಚಬೇಕು, ಕೂದಲಿದ್ದರೆ ಬೋಳಿಸಬೇಕು. ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕು. ಸಂಕೋಚ ಎಂದು ರವಿಕೆ ಸಡಿಲಿಸದೆ ಮೇಲುಮೇಲೆಯೇ ಅಂಟಿಸಿದರೆ ಗೆರೆ ಸುಳ್ಳು ಹೇಳುತ್ತದೆ. ಪರದೆ ಎಳೆದು, "ಅಕ್ಕಾ, ನಾನು ಹೆಂಗಸೇ ಅಲ್ವಾ, ಒಂದೇ ನಿಮಿಷ" ಎಂದು ಒಪ್ಪಿಸಬೇಕು. ಬಲಗೈ ಎಡಗೈ ತಂತಿ ಅದಲುಬದಲಾದರೆ ಮೊದಲ ಸಾಲಿನ ಗೆರೆ ತಲೆಕೆಳಗಾಗಿ ಬರುತ್ತದೆ. ಈಗ ನಮ್ಮ ಇಸಿಜಿಯನ್ನು ಬೆಂಗಳೂರಿನಲ್ಲಿ ಕೂತು ನೋಡುವ ತಜ್ಞರಿಗಾಗಲಿ, ಅದನ್ನು ಮೊದಲು ಓದುವ ತಂತ್ರಾಂಶಕ್ಕಾಗಲಿ ನಾವು ಕಳಿಸಿದ್ದೇ ಆಧಾರ. ಕೃತಕ ಬುದ್ಧಿಮತ್ತೆಯ ಬಗ್ಗೆ ಎಷ್ಟೋ ಓದುತ್ತೇವಲ್ಲ, ಅದರ ಬುದ್ಧಿ ಶುರುವಾಗುವುದು ಪಕ್ಕೆಲುಬು ಎಣಿಸುವ ಬೆರಳಿನಿಂದ.

   

ಇಸಿಜಿಯನ್ನು ದೂರದ ತಜ್ಞರಿಗೆ ತಲುಪಿಸುವ ದಾರಿಯನ್ನು ಕರ್ನಾಟಕದಲ್ಲಿ ಸರ್ಕಾರಕ್ಕಿಂತ ಮೊದಲೇ ತೋರಿಸಿದವರಿದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಹಳ್ಳಿಗಳ ವೈದ್ಯರನ್ನು ವಾಟ್ಸಾಪ್ ಗುಂಪುಗಳಲ್ಲಿ ಕೂಡಿಸಿದರು. ದಾನಿಗಳ ನೆರವಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಹಂಚಿದರು. ಹಳ್ಳಿಯ ವೈದ್ಯರು ಫೋಟೊ ಹಾಕುತ್ತಾರೆ, ತಜ್ಞರು ಅಲ್ಲೇ ಓದಿ ಹೇಳುತ್ತಾರೆ. ಆಮೇಲೆ ಸರ್ಕಾರ ಕೈಹಾಕಿತು. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ಬಂತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳು ಸ್ಪೋಕ್. ಜಯದೇವದಂಥ ದೊಡ್ಡ ಆಸ್ಪತ್ರೆಗಳು ಹಬ್. ಸ್ಪೋಕ್‌ನಲ್ಲಿ ತೆಗೆದ ಇಸಿಜಿಯನ್ನು ಹಬ್‌ನಲ್ಲಿ ಓದುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸ್ಪೋಕ್‌ನಲ್ಲೇ ಉಚಿತವಾಗಿ ಕೊಡುತ್ತಾರೆ. 2025ರ ಜೂನ್–ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಬೆಳಗಾದರೆ ಟಿವಿಯಲ್ಲಿ ಬಂದು, ಹೆದರಿದ ಜನ ಮೈಸೂರಿನ ಜಯದೇವದ ಮುಂದೆ ಸಾಲುಗಟ್ಟಿ ನಿಂತರು. ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿ ವರದಿ ಕೊಟ್ಟಿತು. ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಆ ಇಂಜೆಕ್ಷನ್ನಿನ ಹೆಸರು ಟೆನೆಕ್ಟೆಪ್ಲೇಸ್. ಅದಕ್ಕೂ ಹಿಂದೆ ನಮ್ಮಲ್ಲಿದ್ದದ್ದು ಸ್ಟ್ರೆಪ್ಟೊಕೈನೇಸ್. ಹಳೆಯದನ್ನು ನಾನು ತೆಗಳುವುದಿಲ್ಲ. ಅದೂ ಜೀವ ಉಳಿಸಿದ ಔಷಧವೇ. 1988ರಲ್ಲಿ ಪ್ರಕಟವಾದ 'ಐಸಿಸ್–2' ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಸ್ಟ್ರೆಪ್ಟೊಕೈನೇಸ್ ಒಂದನ್ನೇ ಕೊಟ್ಟಾಗ ಸಾವು ಸುಮಾರು ಕಾಲು ಭಾಗ ತಗ್ಗಿತು. ಬರೀ ಆಸ್ಪಿರಿನ್ ಮಾತ್ರೆ ಕೊಟ್ಟಾಗಲೂ ಹೆಚ್ಚುಕಡಿಮೆ ಅಷ್ಟೇ ತಗ್ಗಿತು. ಎರಡೂ ಕೊಟ್ಟಾಗ ನೂರಕ್ಕೆ 42ರಷ್ಟು. ಆಸ್ಪಿರಿನ್ ಬೆಲೆ ಎಷ್ಟು? ಒಂದು ಟೀಯ ದುಡ್ಡಿಗೆ ಒಂದು ಸ್ಟ್ರಿಪ್ಪೇ ಬರುತ್ತದೆ. ಹೃದಯಾಘಾತದ ಚಿಕಿತ್ಸೆಯಲ್ಲಿ ಅತ್ಯಂತ ಅಗ್ಗದ ಔಷಧವೇ ಅತ್ಯಂತ ದೊಡ್ಡ ಔಷಧಗಳಲ್ಲಿ ಒಂದು.

ಸ್ಟ್ರೆಪ್ಟೊಕೈನೇಸಿನ ಕಷ್ಟ ಕೊಡುವ ರೀತಿಯಲ್ಲಿತ್ತು. ಹದಿನೈದು ಲಕ್ಷ ಯೂನಿಟ್ಟನ್ನು ಡ್ರಿಪ್ಪಿನಲ್ಲಿ ಸುಮಾರು ಒಂದು ಗಂಟೆ ಹರಿಸಬೇಕು. ಅಷ್ಟೂ ಹೊತ್ತು ಬಿಪಿ ಕುಸಿಯುವ ಭಯ. ಬ್ಯಾಕ್ಟೀರಿಯಾದಿಂದ ತೆಗೆದ ವಸ್ತುವಾದ್ದರಿಂದ ಕೆಲವರಿಗೆ ಚಳಿ ನಡುಕ, ಅಲರ್ಜಿ. ಒಮ್ಮೆ ಕೊಟ್ಟವರಿಗೆ ಮತ್ತೆ ಕೊಡುವಂತಿಲ್ಲ. ರಾತ್ರಿ ಒಬ್ಬರೇ ಡಾಕ್ಟರು, ಒಬ್ಬರೇ ಸಿಸ್ಟರು ಇರುವ ಕಡೆ ಒಂದು ಗಂಟೆ ಹಾಸಿಗೆ ಬಿಟ್ಟು ಕದಲದೆ ನಿಲ್ಲುವುದು ಎಲ್ಲಿ ಸಾಧ್ಯ? ಅದಕ್ಕೇ ಬಹಳ ಕಡೆ ಕೊಡದೆ ಮುಂದಕ್ಕೆ ಕಳಿಸುತ್ತಿದ್ದರು. ಟೆನೆಕ್ಟೆಪ್ಲೇಸ್ ಈ ಕಷ್ಟವನ್ನು ತೆಗೆಯಿತು. ರೋಗಿಯ ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಐದರಿಂದ ಹತ್ತು ಸೆಕೆಂಡಿನಲ್ಲಿ ಒಂದೇ ಸಲ ನಾಳಕ್ಕೆ. ಪುಡಿಗೆ ನೀರು ಹಾಕಿದ ಮೇಲೆ ಕುಲುಕಬಾರದು, ಸೀಸೆಯನ್ನು ಮೆಲ್ಲಗೆ ತಿರುಗಿಸಬೇಕು, ಇಲ್ಲವಾದರೆ ನೊರೆ ಬರುತ್ತದೆ. ಗ್ಲೂಕೋಸ್ ಹರಿದ ಪೈಪಿನಲ್ಲಿ ಕೊಡುವಂತಿಲ್ಲ. ಮೊದಲು ಸಲೈನಿನಿಂದ ಪೈಪು ತೊಳೆದುಕೊಳ್ಳಬೇಕು. ತರಬೇತಿಯಲ್ಲಿ ನಾವು ಕಲಿತದ್ದು ಇಂಥ ಸಣ್ಣ ಸಣ್ಣ ವಿಷಯಗಳನ್ನು.

ಆದರೆ ತರಬೇತಿಯಿಂದ ಸಿಕ್ಕಿದ ದೊಡ್ಡ ವಸ್ತು ಧೈರ್ಯ. ಹೆಪ್ಪು ಕರಗಿಸುವ ಔಷಧ ಮೈಯಲ್ಲಿರುವ ಬೇರೆ ಹೆಪ್ಪುಗಳನ್ನೂ ಕರಗಿಸಬಲ್ಲದು. ನೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನರಿಗೆ, ಮಿದುಳಿನಲ್ಲಿ ರಕ್ತಸ್ರಾವ ಆಗುತ್ತದೆ. ಎಂಬಿಬಿಎಸ್ ಮುಗಿಸಿ ಗ್ರಾಮೀಣ ಸೇವೆಗೆಂದು ಬಂದ ಇಪ್ಪತ್ತೈದರ ಹುಡುಗ ಡಾಕ್ಟರು, ಹೊರಗೆ ಇಪ್ಪತ್ತು ಜನ ಸಂಬಂಧಿಕರು, ಏನಾದರೂ ಆದರೆ ಕಾಲರ್ ಹಿಡಿಯುತ್ತಾರೆಂಬ ಭಯ. ಆ ಕೈ ನಡುಗದೆ ಇರುತ್ತದೆಯೇ? ಈಗ ಪ್ರಶ್ನೆಗಳ ಪಟ್ಟಿ ಇದೆ: ಹಿಂದೆ ಸ್ಟ್ರೋಕ್ ಆಗಿತ್ತೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿತ್ತೇ, ಮಲದಲ್ಲಿ ರಕ್ತ ಹೋಗಿತ್ತೇ, ಬಿಪಿ 180 ದಾಟಿದೆಯೇ. ಒಂದೊಂದಾಗಿ ಕೇಳಿ ಗುರುತು ಹಾಕುತ್ತೇವೆ. ಆ ಕಡೆಯಿಂದ ಹಬ್‌ನ ತಜ್ಞರು "ಕೊಡಿ" ಎನ್ನುತ್ತಾರೆ. ಔಷಧ ಕೊಟ್ಟ ಮೇಲೆ ನಾಳ ತೆರೆಯುವ ಹೊತ್ತಿಗೆ ಹೃದಯದ ಬಡಿತ ಲಯ ತಪ್ಪುವುದುಂಟು. ಶಾಕ್ ಕೊಡುವ ಯಂತ್ರ ಪಕ್ಕದಲ್ಲೇ ಚಾರ್ಜ್ ಆಗಿರಬೇಕು. ಒಂದು, ಒಂದೂವರೆ ಗಂಟೆಯಲ್ಲಿ ಇನ್ನೊಂದು ಇಸಿಜಿ. ಬೆಟ್ಟದಂತೆ ಎದ್ದಿದ್ದ ಗೆರೆ ಅರ್ಧಕ್ಕಿಂತ ಕೆಳಗಿಳಿದಿದ್ದರೆ, ಬೆವರು ನಿಂತು ರೋಗಿ "ಈಗ ಹಗುರಾಯ್ತು" ಎಂದರೆ, ನಾಳ ತೆರೆದಿದೆ ಎಂದು ಲೆಕ್ಕ. ಆಮೇಲೆ 108ರಲ್ಲಿ ಹಾಸನಕ್ಕೋ ಮೈಸೂರಿಗೋ ಕಳಿಸುತ್ತೇವೆ. ಇಪ್ಪತ್ನಾಲ್ಕು ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು.

ಒಂದು ಕೊರತೆಯನ್ನು ಮುಚ್ಚಿಡಬಾರದು. ತರಬೇತಿ ಆಗುವುದು ವ್ಯಕ್ತಿಗೆ, ಕೋಣೆಗಲ್ಲ. ಕಲಿತ ಸಿಸ್ಟರು ವರ್ಗವಾಗಿ ಹೋಗುತ್ತಾರೆ. ಗುತ್ತಿಗೆಯ ಮೇಲಿರುವ ಹುಡುಗಿಯರು ಇನ್ನೆರಡು ಸಾವಿರ ಹೆಚ್ಚು ಸಿಕ್ಕಿದರೆ ಬೆಂಗಳೂರಿಗೆ ಹೊರಡುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಡಾಕ್ಟರು ಪಿಜಿ ಸೀಟು ಸಿಕ್ಕ ದಿನ ಹೊರಡುತ್ತಾರೆ. ಫ್ರಿಜ್ಜಿನಲ್ಲಿ ಇಂಜೆಕ್ಷನ್ ಇದ್ದು, ಮೇಜಿನ ಮೇಲೆ ಯಂತ್ರವಿದ್ದು, ಇವೆರಡನ್ನೂ ಕೂಡಿಸುವ ಕೈ ಆ ರಾತ್ರಿ ಡ್ಯೂಟಿಯಲ್ಲಿ ಇಲ್ಲದಿದ್ದರೆ ದೂರದ ಹಳ್ಳಿಯಿಂದ ಬಂದ ರೋಗಿಗೆ ಏನು ಸಿಕ್ಕಿದಂತಾಯಿತು? ಯಂತ್ರಕ್ಕೆ ವರ್ಷ ವರ್ಷ ನಿರ್ವಹಣೆಯ ಕರಾರು ಮಾಡಿಕೊಳ್ಳುತ್ತಾರೆ. ತರಬೇತಿಗೂ ಅಂಥದೇ ಏರ್ಪಾಡು ಬೇಕು. ಆರು ತಿಂಗಳಿಗೊಮ್ಮೆ, ಹೊಸಬರು ಬಂದಾಗಲೆಲ್ಲ.

ಇನ್ನು ಬೆಲೆಯ ವಿಷಯ. ಟೆನೆಕ್ಟೆಪ್ಲೇಸಿಗೆ ಹೊರಗೆ ಮೂವತ್ತು ಸಾವಿರದ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಅತ್ಯಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಬಂದ ಔಷಧದ ಬೆಲೆಗೆ ಮಿತಿ ಬೀಳುತ್ತದೆ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಮಾರುಕಟ್ಟೆಯಲ್ಲಿ ನೂರಕ್ಕೆ ಒಂದಾದರೂ ಪಾಲಿರುವ ಬ್ರಾಂಡುಗಳ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಲಾಭವೆಂದು ನೂರಕ್ಕೆ 16 ಸೇರಿಸಿ ಗರಿಷ್ಠ ಬೆಲೆ ಕಟ್ಟುತ್ತಾರೆ. ಗಮನಿಸಬೇಕಾದದ್ದು, ಇದು ತಯಾರಿಕೆಯ ಖರ್ಚಿನ ಮೇಲೆ ಕಟ್ಟಿದ ಬೆಲೆಯಲ್ಲ, ಪೇಟೆಯಲ್ಲಿ ಈಗಾಗಲೇ ಇರುವ ಬೆಲೆಗಳ ನಡುವಿನ ಬೆಲೆ. ಪೇಟೆಯೇ ದುಬಾರಿಯಾಗಿದ್ದರೆ ಮಿತಿಯೂ ದುಬಾರಿಯೇ. ಪಟ್ಟಿಯ ಹೊರಗಿನ ಔಷಧಕ್ಕೆ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಏರಿಸಲು ಅವಕಾಶವಿದೆ.

ಬೆಲೆಯ ಮಿತಿ ಎಷ್ಟು ದೊಡ್ಡ ಕೆಲಸ ಮಾಡಬಹುದೆಂದು ಜನ ಕಂಡದ್ದು ಸ್ಟೆಂಟಿನಲ್ಲಿ. ಸ್ಟೆಂಟ್ ಎಂದರೆ ಕಿರಿದಾದ ನಾಳವನ್ನು ಅಗಲಿಸಿ ಹಿಡಿಯುವ, ಪೆನ್ನಿನ ಸ್ಪ್ರಿಂಗಿನಂಥ ಲೋಹದ ಜಾಲರಿ. 2017ರ ಫೆಬ್ರುವರಿ 13ರ ತನಕ ಔಷಧ ಸವರಿದ ಸ್ಟೆಂಟಿಗೆ ಒಂದು ಲಕ್ಷ, ಒಂದೂವರೆ ಲಕ್ಷ ಕೊಡುತ್ತಿದ್ದರು. ಹೊಲ ಅಡವಿಟ್ಟವರನ್ನು, ಹೆಂಡತಿಯ ಮಾಂಗಲ್ಯ ಬ್ಯಾಂಕಿಗೆ ಒಯ್ದವರನ್ನು ನಾನೇ ಬಲ್ಲೆ. ಬೀರೇಂದರ್ ಸಾಂಗ್ವಾನ್ ಎಂಬ ವಕೀಲರು ದೆಹಲಿ ಹೈಕೋರ್ಟಿಗೆ ಹೋದರು. ಸ್ಟೆಂಟು ಅತ್ಯಗತ್ಯ ಪಟ್ಟಿಗೆ ಬಂತು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಲೆಕ್ಕ ತೆಗೆದಾಗ ಕಂಪನಿಯಿಂದ ರೋಗಿಯ ತನಕದ ದಾರಿಯಲ್ಲಿ ಅತಿ ಹೆಚ್ಚು ಲಾಭ ಸೇರಿದ್ದು ಆಸ್ಪತ್ರೆಗಳ ಹಂತದಲ್ಲಿ. ಕೆಲವು ಪ್ರಕರಣಗಳಲ್ಲಿ ನೂರಕ್ಕೆ 654ರ ತನಕ. ಆ ಫೆಬ್ರುವರಿ 13ರಂದು ಔಷಧ ಸವರಿದ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260 ಎಂದು ಕಟ್ಟಿದರು. ವರ್ಷ ವರ್ಷದ ಬೆಲೆ ಸೂಚ್ಯಂಕದ ಏರಿಕೆ ಸೇರಿ 2025ರಲ್ಲಿ ಮೊದಲನೆಯದು 39 ಸಾವಿರದ ಹತ್ತಿರ ಬಂದಿದೆ. ಆದರೂ ಲಕ್ಷ ದಾಟಿಲ್ಲ.

ಹೊಸದೆಲ್ಲ ಒಳ್ಳೆಯದು, ದುಬಾರಿಯದೆಲ್ಲ ಗಟ್ಟಿ ಎಂಬ ನಂಬಿಕೆಗೂ ಆ ವರ್ಷವೇ ಉತ್ತರ ಸಿಕ್ಕಿತು. 'ಅಬ್ಸಾರ್ಬ್' ಎಂಬ ಸ್ಟೆಂಟು ಕೆಲವು ವರ್ಷಗಳಲ್ಲಿ ಮೈಯಲ್ಲೇ ಕರಗಿಹೋಗುತ್ತದೆ ಎಂದು ಪ್ರಚಾರವಾಗಿತ್ತು. ಎಲ್ಲಕ್ಕಿಂತ ದುಬಾರಿ ಸ್ಟೆಂಟುಗಳಲ್ಲಿ ಅದೂ ಒಂದು. ಹಳೆಯ ಲೋಹದ ಸ್ಟೆಂಟಿಗಿಂತ ಅದರಲ್ಲಿ ಹೆಪ್ಪುಗಟ್ಟುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿದ ಮೇಲೆ 2017ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಜಗತ್ತಿನಾದ್ಯಂತ ಮಾರಾಟ ನಿಲ್ಲಿಸಿತು. ಇನ್ನೊಂದು ಮಾತು. ಹೃದಯಾಘಾತ ಆಗುತ್ತಿರುವಾಗ ಹಾಕುವ ಸ್ಟೆಂಟು ಜೀವ ಉಳಿಸುತ್ತದೆ, ಅದರಲ್ಲಿ ಎರಡನೆಯ ಮಾತಿಲ್ಲ. ಆದರೆ ನಡೆದಾಗ ಮಾತ್ರ ಎದೆ ಬಿಗಿದು, ನಿಂತರೆ ಸರಿಹೋಗುವ, ಹಾಗೆಯೇ ನೆಲೆನಿಂತ ಕಾಯಿಲೆಯವರಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳ 'ಇಸ್ಕೀಮಿಯಾ' ಅಧ್ಯಯನ ಬೇರೆ ಮಾತು ಹೇಳಿತು. ಸರಿಯಾಗಿ ಮಾತ್ರೆ ಕೊಟ್ಟವರಿಗಿಂತ ಮೊದಲೇ ಸ್ಟೆಂಟೋ ಬೈಪಾಸೋ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ, ನೋವು ಕಡಿಮೆಯಾದದ್ದುಂಟು. ಆದ್ದರಿಂದ "ಬ್ಲಾಕ್ ಇದೆ, ಇವತ್ತೇ ಹಾಕಬೇಕು" ಎಂದು ಯಾರಾದರೂ ಹೇಳಿದರೆ, "ಈಗ ಹೃದಯಾಘಾತ ಆಗ್ತಾ ಇದೆಯಾ ಡಾಕ್ಟ್ರೇ? ಮಾತ್ರೆಯಲ್ಲಿ ನೋಡಬಹುದಾ?" ಎಂದು ಕೇಳುವ ಹಕ್ಕು ನಿಮಗಿದೆ.

ನಾನು ಇಷ್ಟುದ್ದ ಬರೆದದ್ದು ಇನ್ನು ಮುಂದೆ ಹೇಳುವುದಕ್ಕಾಗಿ. ಶುಂಠಿ ಬೆಳೆಯುವ ಒಬ್ಬ ರೈತರು, ಐವತ್ತರ ಹತ್ತಿರ ವಯಸ್ಸು. ಬೆಳಗಿನ ಜಾವ ಬಂದರು. ನಮ್ಮಲ್ಲೇ ಇಂಜೆಕ್ಷನ್ ಆಯಿತು, ಗೆರೆ ಇಳಿಯಿತು, ಮೈಸೂರಿನಲ್ಲಿ ಆಯುಷ್ಮಾನ್ ಕಾರ್ಡಿನ ಮೇಲೆ ಸ್ಟೆಂಟ್ ಬಿತ್ತು. ಒಂದು ರೂಪಾಯಿ ಕೊಡದೆ ಮನೆಗೆ ಹೋದರು. ಎಲ್ಲವೂ ಹೇಗೆ ಆಗಬೇಕೋ ಹಾಗೇ ಆಗಿತ್ತು. ಒಂದು ವರ್ಷವೂ ತುಂಬದೆ ಮತ್ತೆ ಅದೇ ಹಾಸಿಗೆಗೆ ಬಂದರು, ಹಾಕಿದ ಸ್ಟೆಂಟಿನೊಳಗೇ ಹೆಪ್ಪು. "ಮಾತ್ರೆ ತಗೋತಿದ್ರಾ ಅಣ್ಣ?" ಎಂದರೆ ಅವರ ಹೆಂಡತಿ ಹೇಳಿದರು: "ಸುಂಟಿ ರೇಟ್ ಬಿದ್ದೋಯ್ತು ಸಿಸ್ಟರ್. ಚೆನ್ನಾಗವ್ರಲ್ಲ ಅಂತ ನಾವೇ ನಿಲ್ಸುದ್ವಿ." ಜೀವ ಉಳಿಯಿತು. ಹೃದಯದ ಪಂಪಿಂಗ್ ನೂರಕ್ಕೆ ಮೂವತ್ತಕ್ಕೆ ಇಳಿಯಿತು. ಈಗ ಅವರು ಹೊಲಕ್ಕೆ ಹೋಗುವುದಿಲ್ಲ, ಮಗ ಓದು ಬಿಟ್ಟು ಹೋಗುತ್ತಾನೆ.

ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಸಾಮಾನ್ಯವಾಗಿ ಒಂದು ವರ್ಷ ಬೇಕು. ಕೊಬ್ಬು ಇಳಿಸುವ ಸ್ಟ್ಯಾಟಿನ್, ಬಿಪಿಯ ಮಾತ್ರೆ, ಬಡಿತ ಹತೋಟಿಗೆ ತರುವ ಮಾತ್ರೆ ಇವೆಲ್ಲ ಅದಕ್ಕೂ ಆಚೆಗೆ. ಕ್ಲೊಪಿಡೊಗ್ರೆಲ್ ಬ್ರಾಂಡಿನದಾದರೆ ಒಂದಕ್ಕೆ ಐದಾರು ರೂಪಾಯಿ. ಎಲ್ಲ ಸೇರಿ ತಿಂಗಳಿಗೆ ಸಾವಿರದ ಹತ್ತಿರ ಹೋಗುತ್ತದೆ, ಸಕ್ಕರೆ ಕಾಯಿಲೆಯೂ ಇದ್ದರೆ ಇನ್ನೂ ಮೇಲೆ. ಐದು ಲಕ್ಷದ ತನಕ ಆಪರೇಷನ್ ಖರ್ಚು ತುಂಬುವ ಕಾರ್ಡು ಡಿಸ್ಚಾರ್ಜ್ ಆಗಿ ಹೆಚ್ಚು ದಿನ ಕಳೆಯುವ ಮೊದಲೇ ಕೈಬಿಡುತ್ತದೆ. ದೊಡ್ಡ ಖರ್ಚಿಗೆ ಸರ್ಕಾರ, ನಿತ್ಯದ ಖರ್ಚಿಗೆ ರೋಗಿ. ಕೂಲಿಯವರ ಮನೆಯಲ್ಲಿ ಸೋಲುವುದು ಯಾವಾಗಲೂ ಈ ನಿತ್ಯದ ಖರ್ಚೇ.

ಕಡಿಮೆ ಬೆಲೆಯ ದಾರಿಗಳಿವೆ. ಅದೇ ಕ್ಲೊಪಿಡೊಗ್ರೆಲ್ ಜನೌಷಧಿ ಕೇಂದ್ರದಲ್ಲಿ ಬ್ರಾಂಡಿನ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಪೇಟೆಂಟ್ ಮುಗಿದಾಗ ಬೆಲೆ ಹೇಗೆ ಬೀಳುತ್ತದೆ ಎಂಬುದನ್ನು 2025ರ ಮಾರ್ಚ್‌ನಲ್ಲಿ ನಾವೇ ನೋಡಿದೆವು. ಸಕ್ಕರೆ ಕಾಯಿಲೆಗೂ, ಪಂಪಿಂಗ್ ಇಳಿದ ಹೃದಯಕ್ಕೂ ಕೊಡುವ ಎಂಪಾಗ್ಲಿಫ್ಲೋಜಿನ್ ಮಾತ್ರೆ ಒಂದಕ್ಕೆ ಅರವತ್ತರ ಆಸುಪಾಸು ಇದ್ದದ್ದನ್ನು, ಪೇಟೆಂಟ್ ಮುಗಿದ ವಾರದಲ್ಲೇ ಹಲವು ಕಂಪನಿಗಳು ಹತ್ತು ರೂಪಾಯಿಗೂ ಕಡಿಮೆಗೆ ತಂದವು. ಮಾತ್ರೆ ಅದೇ, ಒಳಗಿನ ವಸ್ತು ಅದೇ. ಆದರೆ ಚೀಟಿಯಲ್ಲಿ ಹಳೆಯ ಬ್ರಾಂಡಿನ ಹೆಸರೇ ಇದ್ದರೆ ಅಂಗಡಿಯಲ್ಲಿ ಸಿಗುವುದೂ ಅದೇ. ಜೆನೆರಿಕ್ ಹೆಸರಿನಲ್ಲೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು.

ಡಾಕ್ಟರುಗಳ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಅಗ್ಗದ ಔಷಧದ ಗುಣಮಟ್ಟಕ್ಕೆ ಯಾರು ಹೊಣೆ ಎಂದು ಅವರು ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ರಾಜ್ಯವೇ ಬೆಚ್ಚಿತು. ಕೊಟ್ಟಿದ್ದ ಐವಿ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆ ನಿಲ್ಲಿಸಿದರು. ಅದಾದ ಮೇಲೆ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡುವುದು ನನಗೆ ರೂಢಿಯಾಗಿದೆ. ಬೆಲೆ ಇಳಿಸುವಷ್ಟೇ ಮುತುವರ್ಜಿಯಿಂದ ಪ್ರಯೋಗಾಲಯಗಳನ್ನು, ಡ್ರಗ್ ಇನ್ಸ್‌ಪೆಕ್ಟರುಗಳನ್ನು ಹೆಚ್ಚಿಸಬೇಕು. ಆದರೆ ಗುಣಮಟ್ಟದ ಅನುಮಾನವನ್ನೇ ನೆಪ ಮಾಡಿಕೊಂಡು ಬಡವರಿಗೆ ದುಬಾರಿ ಬ್ರಾಂಡ್ ಬರೆದರೆ, ಅವರು ದುಬಾರಿ ಮಾತ್ರೆ ನುಂಗುವುದಿಲ್ಲ, ಯಾವ ಮಾತ್ರೆಯನ್ನೂ ನುಂಗುವುದಿಲ್ಲ.

ಬಿಪಿ, ಶುಗರಿನಂಥ ದೀರ್ಘಕಾಲದ ಕಾಯಿಲೆ ನೋಡುವ ನಮ್ಮ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಈ ಮಾತ್ರೆಗಳಲ್ಲಿ ಹೆಚ್ಚಿನವು ಉಚಿತವಾಗಿಯೇ ಸಿಗುತ್ತವೆ. ಹಾಗಿದ್ದೂ ಯಾಕೆ ನಿಲ್ಲಿಸುತ್ತಾರೆ? ಒಂದು ಸಲಕ್ಕೆ ಮೂವತ್ತು ದಿನದ್ದು ಕೊಡುತ್ತೇವೆ. ಒಳಗಿನ ಹಳ್ಳಿಯಿಂದ ಬರುವವರಿಗೆ ಎರಡು ಬಸ್ಸು, ಒಂದು ದಿನದ ಕೂಲಿ ನಷ್ಟ, ಜೊತೆಗೊಬ್ಬರು ಬಂದರೆ ಅವರದೂ. ಬಂದ ದಿನ ಐದರಲ್ಲಿ ಒಂದು ಮಾತ್ರೆ ಸ್ಟಾಕ್ ಇಲ್ಲ ಎಂದರೆ ಅದನ್ನು ಹೊರಗೆ ಕೊಳ್ಳುವುದಿಲ್ಲ, ಬಿಟ್ಟುಬಿಡುತ್ತಾರೆ. ಬಿಟ್ಟದ್ದು ಕ್ಲೊಪಿಡೊಗ್ರೆಲ್ ಆಗಿದ್ದರೆ ಏನಾಗುತ್ತದೆ ಎಂಬುದನ್ನು ಮೇಲೆ ಹೇಳಿದ್ದೇನೆ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಅದೇ ಸೇಂಟ್ ಜಾನ್ಸ್‌ನ ತಂಡ ದೇಶದ 14 ಆಸ್ಪತ್ರೆಗಳಿಂದ ಬಿಡುಗಡೆಯಾದ 806 ಹೃದ್ರೋಗಿಗಳ ಮೇಲೆ ಇನ್ನೊಂದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ಮತ್ತೆ ಮತ್ತೆ ಕಂಡು, ಮಾತ್ರೆ ತೆಗೆದುಕೊಂಡಿರಾ, ಬೀಡಿ ಬಿಟ್ಟಿರಾ ಎಂದು ಮಾತಾಡಿಸಿದರು. ಅಂಥವರಲ್ಲಿ ಮಾತ್ರೆ ಮುಂದುವರಿಸಿದವರು ಹೆಚ್ಚು. ನಮ್ಮಲ್ಲಿ ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಗರ್ಭಿಣಿಯರ ಪಟ್ಟಿ, ಮಕ್ಕಳ ಚುಚ್ಚುಮದ್ದಿನ ಪಟ್ಟಿ ಅವರ ಬಾಯಲ್ಲೇ ಇದೆ. ಸ್ಟೆಂಟ್ ಹಾಕಿಸಿಕೊಂಡವರ ಪಟ್ಟಿ ಮಾತ್ರ ಯಾರ ಬಳಿಯೂ ಇಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆ ಬಿಪಿ, ಶುಗರ್ ಇರುವವರ ಮನೆ ಬಾಗಿಲಿಗೆ ಹೋಗುತ್ತದೆ. ಹೃದಯಾಘಾತದಿಂದ ಉಳಿದು ಬಂದವರನ್ನು ಅದರಲ್ಲಿ ಮೊದಲ ಸಾಲಿಗೆ ಹಾಕಿದರೆ ಸಾಕು.

ನಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ನಾನು ಕೇಳಿದ್ದು ಮೂರನ್ನು. ನಮ್ಮಲ್ಲಿ ಇಂಜೆಕ್ಷನ್ ಪಡೆದು ಹೋದ ಪ್ರತಿಯೊಬ್ಬರ ಹೆಸರು, ಊರು, ಮಾತ್ರೆ ಮುಗಿಯುವ ತಾರೀಖು ಬರೆದಿಡುವ ಒಂದು ರಿಜಿಸ್ಟರ್. ತಾರೀಖು ದಾಟಿದರೆ ಆ ಊರಿನ ಆಶಾಗೆ ನಮ್ಮಿಂದ ಒಂದು ಫೋನು. ಮೂವತ್ತು ದಿನದ ಬದಲು ತೊಂಬತ್ತು ದಿನದ ಮಾತ್ರೆ. ರಿಜಿಸ್ಟರ್ ಅದೇ ವಾರ ಶುರುವಾಯಿತು, ಆಶಾಗಳು ಒಪ್ಪಿ ಫೋನ್ ನಂಬರ್ ಕೊಟ್ಟಿದ್ದಾರೆ. ತೊಂಬತ್ತು ದಿನದ ಮಾತ್ರೆಗೆ ಸ್ಟಾಕ್ ಸಾಲದು ಎಂಬ ಉತ್ತರ ಬಂದಿದೆ. ಜಿಲ್ಲಾ ಔಷಧ ಉಗ್ರಾಣಕ್ಕೆ ಬೇಡಿಕೆ ಪತ್ರ ಹೋಗಿದೆ, ಮಂಜೂರಾತಿ ಇನ್ನೂ ಬರಬೇಕು.